ಮಾತ್ರೆ ಬರೆಯುವ ಮೊದಲು ಜೀನ್ ಪರೀಕ್ಷೆ: ಯಾವ ಔಷಧಕ್ಕೆ ಯಾವ ದಾರಿ

ಕಳೆದ ಮಳೆಗಾಲದ ಒಂದು ಬೆಳಗ್ಗೆ ಶಿರಸಿಯ ನನ್ನ ದವಾಖಾನೆಗೆ ಅರವತ್ತು ದಾಟಿದ ಅಡಿಕೆ ಬೆಳೆಗಾರರೊಬ್ಬರು ಎರಡು ಚೀಲ ಹಿಡಿದು ಬಂದರು. ಒಂದು ಚೀಲದಲ್ಲಿ ಮಾತ್ರೆಗಳಿದ್ದವು. ಐದು ವಾರಗಳ ಹಿಂದೆ ಹುಬ್ಬಳ್ಳಿಗೆ ಹೋಗಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವರು ಅವರು. ಇನ್ನೊಂದರಲ್ಲಿ ಬೆಂಗಳೂರಿನ ಮಗ ಕೊರಿಯರ್‌ನಲ್ಲಿ ಕಿಟ್ ತರಿಸಿ, ಅಪ್ಪನ ಎಂಜಲು ಕಳಿಸಿ ಮಾಡಿಸಿದ್ದ ಜೀನ್ ಪರೀಕ್ಷೆಯ ವರದಿ ಇತ್ತು. ದಪ್ಪ ಕಾಗದ, ಪುಟಪುಟಕ್ಕೂ ಹಸಿರು, ಹಳದಿ, ಕೆಂಪು ಬಣ್ಣದ ಚೌಕಗಳು, ಪ್ರತಿ ಚೌಕದ ಮುಂದೆ ಒಂದೊಂದು ಔಷಧದ ಹೆಸರು. "ಡಾಕ್ಟ್ರೇ, ಕೆಂಪು ಬಂದಿದ್ದೆಲ್ಲ ನಂಗೆ ಆಗೂದಿಲ್ಲ ಅಂತಾಯ್ತಲ್ಲ, ಅದಕ್ಕೇ ಬಿಟ್ಟೆ" ಎಂದರು. ಅವರು ಬಿಟ್ಟಿದ್ದ ಮಾತ್ರೆ, ಸ್ಟೆಂಟ್‌ನಲ್ಲಿ ರಕ್ತ ಗಡ್ಡೆ ಕಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್. ಬಿಟ್ಟು ನಾಲ್ಕು ದಿನವಾಗಿತ್ತು.

ವರದಿ ಹೇಳಿದ್ದು ಸುಳ್ಳಾಗಿರಲಿಲ್ಲ. ಅವರ ಯಕೃತ್ತಿನಲ್ಲಿ ಆ ಔಷಧವನ್ನು ಚುರುಕುಗೊಳಿಸಬೇಕಾದ ಕಿಣ್ವ ಕೆಲಸ ಮಾಡುತ್ತಿಲ್ಲವೆಂದು ಆಮೇಲೆ ಬೇರೆ ಪ್ರಯೋಗಾಲಯದಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲೂ ಖಚಿತವಾಯಿತು. ಆದರೆ ಹೊಸ ಸ್ಟೆಂಟ್ ಇರುವವರು ಬದಲಿ ಮಾತ್ರೆ ಇಲ್ಲದೆ ಇದ್ದ ಮಾತ್ರೆಯನ್ನೂ ನಿಲ್ಲಿಸುವುದು ದುರ್ಬಲ ಔಷಧವನ್ನು ನುಂಗುತ್ತಿರುವುದಕ್ಕಿಂತ ಅಪಾಯಕಾರಿ. ಅಂದೇ ಅವರ ಹೃದ್ರೋಗ ತಜ್ಞರಿಗೆ ಫೋನ್ ಮಾಡಿ, ಅವರ ಸಲಹೆಯಂತೆ ಅದೇ ಕೆಲಸ ಮಾಡುವ ಟೈಕಾಗ್ರೆಲರ್ ಎಂಬ ಬದಲಿ ಮಾತ್ರೆ ಶುರು ಮಾಡಿಸಿದೆ. ಸರಿಯಾದ ಪರೀಕ್ಷೆಯೇ ತಪ್ಪು ದಾರಿಯಲ್ಲಿ, ತಪ್ಪು ಹೊತ್ತಿಗೆ ಕೈಗೆ ಬಂದರೆ ಏನಾಗುತ್ತದೆಂಬುದನ್ನು ಅಷ್ಟು ಹತ್ತಿರದಿಂದ ನಾನು ಕಂಡದ್ದು ಅದೇ ಮೊದಲು. ಹಾಗಾಗಿ ಜೀನ್ ಪರೀಕ್ಷೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಬದಿಗಿಟ್ಟು, ನಮ್ಮ ಜಿಲ್ಲೆಯಂಥ ಕಡೆ ಯಾವ ಔಷಧಕ್ಕೆ ಯಾವ ಬಗೆಯ ಪರೀಕ್ಷೆ ಹೊಂದುತ್ತದೆ ಎಂಬುದನ್ನು ಇಲ್ಲಿ ಹೋಲಿಸುತ್ತೇನೆ.

ಮುಂದಿರುವ ದಾರಿಗಳು

ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ನುಂಗಿದ ಇಬ್ಬರ ಮೈಯಲ್ಲಿ ಅದರ ಪರಿಣಾಮ ಬೇರೆಬೇರೆಯಾಗುವುದಕ್ಕೆ ವಯಸ್ಸು, ತೂಕ, ಮೂತ್ರಪಿಂಡದ ಶಕ್ತಿ, ಜೊತೆಗಿರುವ ಬೇರೆ ಮಾತ್ರೆಗಳು ಇವೆಲ್ಲವೂ ಕಾರಣ. ವಂಶಪಾರಂಪರ್ಯವಾಗಿ ಬಂದ ಜೀನ್ ಅವುಗಳ ಪೈಕಿ ಒಂದು. ಈ ಅಧ್ಯಯನಕ್ಕೆ 1959ರಲ್ಲಿ ಜರ್ಮನಿಯ ಫ್ರೀಡ್ರಿಶ್ ಫೋಗೆಲ್ ಫಾರ್ಮಕೊಜೆನೆಟಿಕ್ಸ್ ಎಂದು ಹೆಸರಿಟ್ಟರು. ಇಂದು ಸಾಮಾನ್ಯ ವೈದ್ಯರ ಮುಂದೆ ಐದು ದಾರಿಗಳಿವೆ: ಜೀನಿನ ಗೊಡವೆಗೆ ಹೋಗದೆ ಮಾಮೂಲಿ ತಪಾಸಣೆಯಿಂದ ಔಷಧವನ್ನು ಕಾಯುವುದು, ಜೀನಿನ ಬದಲು ಅದು ಮಾಡುವ ಕಿಣ್ವವನ್ನೇ ಅಳೆಯುವುದು, ಒಂದು ಔಷಧಕ್ಕಾಗಿ ಒಂದೇ ಜೀನ್ ನೋಡುವುದು, ಹತ್ತಾರು ಜೀನುಗಳನ್ನು ಒಟ್ಟಿಗೇ ನೋಡುವ ಪ್ಯಾನೆಲ್ ಮಾಡಿಸಿ ಮುಂದಿನ ದಿನಗಳಿಗೆ ಇಟ್ಟುಕೊಳ್ಳುವುದು, ಕೊನೆಗೆ, ವೈದ್ಯರ ಚೀಟಿಯಿಲ್ಲದೆ ಮನೆಗೇ ಬರುವ ಎಂಜಲಿನ ಕಿಟ್.

ಇವುಗಳಲ್ಲಿ ಆರಿಸುವಾಗ ನಾನು ಮೊದಲು ನೋಡುವುದು ಮೂರು ಸಂಗತಿ. ಈ ಔಷಧದ ಪರಿಣಾಮವನ್ನು ಅಗ್ಗದ ಬೇರೆ ತಪಾಸಣೆಯಿಂದ ತಿಳಿಯಬಹುದೇ? ಇದಕ್ಕೆ ಬದಲಿ ಔಷಧ ಇಲ್ಲಿನ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆಯೇ? ಫಲಿತಾಂಶ ಬರುವ ಹೊತ್ತಿಗೆ ಆಗಬಾರದ್ದು ಆಗಿಹೋಗುವ ಸಂಭವವಿದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ದಾರಿ ಬಹುಮಟ್ಟಿಗೆ ತಾನಾಗಿ ತೆರೆದುಕೊಳ್ಳುತ್ತದೆ.

ಕಾಯುವುದೇ ಸಾಕಾಗುವ ಔಷಧಗಳು

ಹೃದಯದ ಕವಾಟ ಬದಲಿಸಿಕೊಂಡವರು ರಕ್ತ ಗಡ್ಡೆ ಕಟ್ಟದಿರಲೆಂದು ನುಂಗುವ ವಾರ್ಫರಿನ್ ಮತ್ತು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅಸಿನೊಕೌಮರಾಲ್ ಜೀನ್ ಪರೀಕ್ಷೆಯ ಹಳೆಯ ಉದಾಹರಣೆಗಳು. ಸಿವೈಪಿ2ಸಿ9 ಮತ್ತು ವಿಕೆಒಆರ್‌ಸಿ1 ಎಂಬ ಎರಡು ಜೀನುಗಳಿಂದ ಅವುಗಳ ಪ್ರಮಾಣವನ್ನು ಒಂದು ಮಟ್ಟಿಗೆ ಅಂದಾಜು ಮಾಡಬಹುದೆಂಬುದು ನಿಜ. ಆದರೆ 2013ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ಒಂದಕ್ಕೊಂದು ಎದುರುಬದುರಾದವು: ಯುರೋಪಿನ ಇಯು-ಪ್ಯಾಕ್ಟ್ ಪ್ರಯೋಗದಲ್ಲಿ ಜೀನ್ ನೋಡಿ ಪ್ರಮಾಣ ನಿರ್ಧರಿಸಿದವರಿಗೆ ಲಾಭ ಕಂಡಿತು, ಅಮೆರಿಕದ ಕೋಗ್ ಪ್ರಯೋಗದಲ್ಲಿ ಕಾಣಲಿಲ್ಲ. 2017ರ ಗಿಫ್ಟ್ ಪ್ರಯೋಗ ಮತ್ತೆ ಲಾಭದ ಕಡೆಗೇ ವಾಲಿತು, ಆದರೆ ಅದರಲ್ಲಿದ್ದವರು ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡ ಹಿರಿಯರು. ಇತ್ತ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ಎಂಬ ರಕ್ತಪರೀಕ್ಷೆ ಇದೆ; ಅದು ಕಾರವಾರದಲ್ಲೂ ಆಗುತ್ತದೆ, ಶಿರಸಿಯಲ್ಲೂ ಆಗುತ್ತದೆ, ಜೀನ್ ಪರೀಕ್ಷೆಯ ಖರ್ಚಿನ ಸಣ್ಣದೊಂದು ಪಾಲಿನಲ್ಲಿ ಮುಗಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಜೀನಿಗೆ ಕಾಣದ್ದು ಐಎನ್‌ಆರ್‌ಗೆ ಕಾಣುತ್ತದೆ. ಮಳೆಗಾಲದಲ್ಲಿ ಹಿತ್ತಲ ಚಪ್ಪರದ ತುಂಬ ಬಸಳೆ ಹಬ್ಬಿ, ವಾರದಲ್ಲಿ ಐದು ದಿನ ಬಸಳೆ ಹುಳಿಯನ್ನೇ ಉಂಡವರ ಐಎನ್‌ಆರ್ ಇಳಿದಿರುವುದನ್ನು ನಾನು ಕಂಡಿದ್ದೇನೆ. ಸೊಪ್ಪಿನ ಕೆ ಜೀವಸತ್ವದ ಕೆಲಸ ಅದು. ಆದ್ದರಿಂದ ಈ ಮಾತ್ರೆಗಳ ಮಟ್ಟಿಗೆ ನಾನು ಜೀನ್ ಪರೀಕ್ಷೆಯನ್ನು ಕೇಳುವುದಿಲ್ಲ, ಐಎನ್‌ಆರ್ ತಪ್ಪಿಸದೆ ಮಾಡಿಸುವುದಕ್ಕೇ ಒತ್ತು ಕೊಡುತ್ತೇನೆ.

ಕೊಲೆಸ್ಟೆರಾಲ್ ಇಳಿಸುವ ಸಿಂವಸ್ಟ್ಯಾಟಿನ್‌ನಿಂದ ಬರುವ ಸ್ನಾಯು ನೋವಿಗೆ ಎಸ್‌ಎಲ್‌ಸಿಒ1ಬಿ1 ಜೀನಿನ ಸಂಬಂಧವಿದೆಯಾದರೂ, ರೊಸುವಸ್ಟ್ಯಾಟಿನ್‌ನಂಥ ಬೇರೆ ಸ್ಟ್ಯಾಟಿನ್‌ಗೆ ಬದಲಿಸುವುದು ಪರೀಕ್ಷೆಗಿಂತ ಸುಲಭ. ರಕ್ತದೊತ್ತಡದ ಮಾತ್ರೆಗೆ ಪಟ್ಟಿ ಕಟ್ಟಿ ಅಳೆಯುವ ಯಂತ್ರವೇ ಸಾಕು.

ಕಿಣ್ವವನ್ನೇ ಅಳೆಯುವುದು ಮೇಲಾಗುವಲ್ಲಿ

ಕರಾವಳಿಯಲ್ಲಿ ಕೆಲಸ ಮಾಡುವ ವೈದ್ಯರಿಗೆ ಪ್ರೈಮಾಕ್ವಿನ್ ಹೊಸದಲ್ಲ. ವೈವಾಕ್ಸ್ ಮಲೇರಿಯಾ ಮರುಕಳಿಸದಂತೆ 14 ದಿನ ಕೊಡುವ ಈ ಮಾತ್ರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಏರುವಾಗ ಉಸಿರು ಕಟ್ಟುತ್ತದೆ. ಬೈತಕೋಲದಲ್ಲಾಗಲಿ ತದಡಿಯಲ್ಲಾಗಲಿ ಬೋಟಿನ ಕೆಲಸಕ್ಕೆ ಬೇರೆ ರಾಜ್ಯಗಳಿಂದ ಬಂದವರಿರುತ್ತಾರೆ, ಮಾತ್ರೆ ಕೊಟ್ಟು ಮೂರನೇ ದಿನಕ್ಕೆ ಅವರು ಸಮುದ್ರದಲ್ಲಿರುತ್ತಾರೆ; ಮೂತ್ರದ ಬಣ್ಣ ನೋಡಿ ಮಾತ್ರೆ ನಿಲ್ಲಿಸಿರೆಂದು ಹೇಳಲು ಅಲ್ಲಿ ಯಾರೂ ಇಲ್ಲ. ಆದ್ದರಿಂದ ಇಲ್ಲಿ ಮೊದಲೇ ತಿಳಿಯುವುದು ಬೇಕು.

ಆದರೆ ಜೀನಿನ ಮೂಲಕ ತಿಳಿಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಭಾರತದಲ್ಲಿ ಈ ಕೊರತೆಗೆ ಕಾರಣವಾಗುವ ಜೀನ್ ಬದಲಾವಣೆಗಳಲ್ಲಿ ಮೆಡಿಟರೇನಿಯನ್, ಕೇರಳ-ಕಲ್ಯಾಣ ಮತ್ತು ಒರಿಸ್ಸಾ ಎಂಬ ಮೂರು ಹೆಚ್ಚು ಕಾಣುವಂಥವು. ಹೊರದೇಶದ ಪಟ್ಟಿಯನ್ನು ನೋಡಿ ತಯಾರಿಸಿದ ಪರೀಕ್ಷೆ ಇವುಗಳಲ್ಲಿ ಒಂದೆರಡನ್ನು ಹುಡುಕದೆಯೇ ಎಲ್ಲ ಸರಿಯಿದೆ ಎಂದು ಬರೆದುಬಿಡಬಹುದು. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರಾದ್ದರಿಂದ, ಭಾರತೀಯ ಪಟ್ಟಿಯೂ ಅವರಿಗೆ ಪೂರ್ತಿ ಒಪ್ಪುತ್ತದೆಂದು ಭಾವಿಸುವಂತಿಲ್ಲ. ಕಿಣ್ವದ ಪರೀಕ್ಷೆಗೆ ಈ ತೊಡಕಿಲ್ಲ. ಕೊರತೆ ಯಾವ ಬದಲಾವಣೆಯಿಂದ ಬಂದಿದ್ದರೂ ಅದು ಕೊರತೆಯನ್ನೇ ಅಳೆಯುತ್ತದೆ. ಅದರ ದೋಷಗಳು ಬೇರೆ: ರಕ್ತಕಣಗಳು ಆಗಷ್ಟೇ ಒಡೆದು ಹೊಸವು ಬಂದಿರುವಾಗ ಫಲಿತಾಂಶ ಸುಳ್ಳಾಗಿ ಸಹಜವೆಂದು ಬರುತ್ತದೆ, ಮತ್ತು ಈ ಜೀನ್ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಅರ್ಧ ಕೊರತೆಯಿರುವ ಹೆಂಗಸರನ್ನು ಸಾದಾ ಬಣ್ಣದ ಪರೀಕ್ಷೆ ಬಿಟ್ಟುಬಿಡಬಹುದು. ಅಂಥವರಲ್ಲಿ ಅಂಕಿಯಲ್ಲಿ ಉತ್ತರ ಕೊಡುವ ಪರೀಕ್ಷೆಯನ್ನೇ ಕೇಳಬೇಕು.

ಇದೇ ಸಾಲಿಗೆ ಸೇರುವ ಇನ್ನೊಂದನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳ ಅರಿವಳಿಕೆ ತಜ್ಞರು ಚೆನ್ನಾಗಿ ಬಲ್ಲರು. ಶಸ್ತ್ರಚಿಕಿತ್ಸೆಯ ಮೊದಲು ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಕೆಲವೇ ನಿಮಿಷಗಳಲ್ಲಿ ಇಳಿಯಬೇಕು. ಅದನ್ನು ಒಡೆಯುವ ಕಿಣ್ವ ಇಲ್ಲದವರಿಗೆ ಗಂಟೆಗಟ್ಟಲೆ ಉಸಿರಾಡಲು ಆಗುವುದಿಲ್ಲ. ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಉಳಿದವರಿಗಿಂತ ಬಹಳ ಹೆಚ್ಚೆಂಬುದು ಅಧ್ಯಯನಗಳಿಂದ ತಿಳಿದಿದೆ. ಇದಕ್ಕೂ ಜೀನ್ ಬೇಕಿಲ್ಲ: ತೋಟಕ್ಕೆ ಹೊಡೆಯುವ ಕೀಟನಾಶಕ ಕುಡಿದು ಬಂದವರಿಗೆ ಮಾಡುವ ಕೋಲಿನೆಸ್ಟರೇಸ್ ಪರೀಕ್ಷೆಯೇ ಇದನ್ನೂ ತೋರಿಸುತ್ತದೆ. "ನಿಮ್ಮ ಮನೆಯಲ್ಲಿ ಆಪರೇಷನ್ ಆದ ಮೇಲೆ ಯಾರಿಗಾದರೂ ಎಚ್ಚರವಾಗುವುದು, ಉಸಿರು ಬರುವುದು ತಡವಾಗಿತ್ತೇ?" ಎಂಬ ಪ್ರಶ್ನೆಗೆ ಅದಕ್ಕಿಂತಲೂ ಕಡಿಮೆ ಖರ್ಚು.

ಒಂದೇ ಜೀನ್, ಒಂದೇ ಔಷಧ

ಸಣ್ಣ ಊರಿನ ವೈದ್ಯರು ಜೀನ್ ಪರೀಕ್ಷೆಗೆ ನಿಜವಾಗಿ ಹಣ ಖರ್ಚು ಮಾಡಿಸಬಹುದಾದ ಜಾಗ ಇದು.

ಮೊದಲನೆಯದು ಕ್ಲೊಪಿಡೊಗ್ರೆಲ್. ಅದು ನುಂಗಿದಾಗ ನಿಷ್ಕ್ರಿಯ. ಯಕೃತ್ತಿನ ಸಿವೈಪಿ2ಸಿ19 ಕಿಣ್ವ ಅದನ್ನು ಬದಲಿಸಿದ ಮೇಲಷ್ಟೇ ರಕ್ತ ಗಡ್ಡೆ ಕಟ್ಟದಂತೆ ತಡೆಯುತ್ತದೆ. ಈ ಕಿಣ್ವ ಕೆಲಸ ಮಾಡದವರಿಗೆ ಔಷಧ ಸಾಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2010ರಲ್ಲೇ ಔಷಧದ ವಿವರಪತ್ರದಲ್ಲಿ ಚೌಕಟ್ಟು ಹಾಕಿದ ಎಚ್ಚರಿಕೆ ಬರೆಸಿತು. ಯುರೋಪಿನವರಲ್ಲಿ ಅಂಥವರು ನೂರಕ್ಕೆ ಎರಡು-ಮೂರು ಜನ. ದಕ್ಷಿಣ ಏಷ್ಯಾದವರಲ್ಲಿ ಬಹಳ ಹೆಚ್ಚು. ಬ್ರಿಟನ್ನಿನಲ್ಲಿ ನೆಲೆಸಿದ ಪಾಕಿಸ್ತಾನಿ ಮತ್ತು ಬಾಂಗ್ಲಾದೇಶಿ ಮೂಲದವರ ನಡುವೆ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 57 ಜನರಲ್ಲಿ ಈ ಕಿಣ್ವ ಅರ್ಧವೋ ಪೂರ್ತಿಯೋ ದುರ್ಬಲವಾಗಿತ್ತು, ಶೇ. 13 ಜನರಲ್ಲಿ ಪೂರ್ತಿ. ಲಘು ಪಾರ್ಶ್ವವಾಯುವಾದ, ಇಂಥ ಜೀನ್ ಇರುವ 6,412 ಮಂದಿಯ ಮೇಲೆ ಚೀನಾದಲ್ಲಿ ನಡೆದು 2021ರಲ್ಲಿ ಬಂದ ಚಾನ್ಸ್-2 ಪ್ರಯೋಗದಲ್ಲಿ, 90 ದಿನಗಳೊಳಗೆ ಮತ್ತೆ ಪಾರ್ಶ್ವವಾಯು ಬಡಿದದ್ದು ಕ್ಲೊಪಿಡೊಗ್ರೆಲ್ ತೆಗೆದುಕೊಂಡವರಲ್ಲಿ ಶೇ. 7.6, ಟೈಕಾಗ್ರೆಲರ್ ತೆಗೆದುಕೊಂಡವರಲ್ಲಿ ಶೇ. 6.0. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2024ರಲ್ಲಿ ಪಾರ್ಶ್ವವಾಯುವಾದವರಿಗೆ ಕ್ಲೊಪಿಡೊಗ್ರೆಲ್ ಕೊಡುವ ಮೊದಲು ಈ ಜೀನ್ ನೋಡಬೇಕೆಂದು ಶಿಫಾರಸು ಮಾಡಿತು.

ಮೂರು ಪ್ರಶ್ನೆಗಳಿಗೂ ಇಲ್ಲಿ ಸ್ಪಷ್ಟ ಉತ್ತರವಿದೆ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವ ಮಾಮೂಲಿ ತಪಾಸಣೆ ನಮ್ಮ ಬಳಿ ಇಲ್ಲ. ಬದಲಿ ಔಷಧ ಇದೆ, ಆದರೆ ಅದಕ್ಕೂ ಬೆಲೆ ತೆರಬೇಕು: ಟೈಕಾಗ್ರೆಲರ್ ದಿನಕ್ಕೆ ಎರಡು ಹೊತ್ತು ನುಂಗಬೇಕು, ಕೆಲವರಿಗೆ ಉಬ್ಬಸ ತರುತ್ತದೆ, ರಕ್ತಸ್ರಾವದ ಭಯ ಹೆಚ್ಚು, ಇನ್ನೊಂದು ಬದಲಿಯಾದ ಪ್ರಾಸುಗ್ರೆಲ್ ಅನ್ನು ಹಿಂದೆ ಪಾರ್ಶ್ವವಾಯುವಾದವರಿಗೆ ಕೊಡುವಂತೆಯೇ ಇಲ್ಲ. ಹಾಗಾಗಿ ಎಲ್ಲರಿಗೂ ಕಣ್ಣು ಮುಚ್ಚಿ ಬದಲಿಸುವುದಕ್ಕಿಂತ, ಯಾರಿಗೆ ಬೇಕೆಂದು ತಿಳಿದು ಬದಲಿಸುವುದೇ ಲೇಸು. ಮೂರನೆಯದಾದ ಹೊತ್ತಿನ ಪ್ರಶ್ನೆಯಲ್ಲಿ ನಾವು ಸೋಲುತ್ತೇವೆ. ಸ್ಟೆಂಟ್‌ನಲ್ಲಿ ಗಡ್ಡೆ ಕಟ್ಟುವ ಅಪಾಯ ಮೊದಲ ತಿಂಗಳಲ್ಲೇ ಹೆಚ್ಚು. ಶಿರಸಿಗೆ ಮರಳಿ, ನನ್ನ ಬಳಿ ಬಂದು, ರಕ್ತ ಬೆಂಗಳೂರಿಗೆ ಹೋಗಿ ವರದಿ ಬರುವಷ್ಟರಲ್ಲಿ ಆ ತಿಂಗಳು ಕಳೆದಿರುತ್ತದೆ. ಆದ್ದರಿಂದ ಆಂಜಿಯೊಗ್ರಾಂಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೊರಟವರಿಗೆ ನಾನು ಕೊಡುವ ಪತ್ರದಲ್ಲಿ, ಸ್ಟೆಂಟ್ ಹಾಕುವುದಾದರೆ ಅಲ್ಲೇ ಈ ಪರೀಕ್ಷೆಗೆ ರಕ್ತ ತೆಗೆಯಬಹುದೇ ಎಂದು ಒಂದು ಸಾಲು ಸೇರಿಸುತ್ತೇನೆ.

ಜೀನ್ ಸರಿಯಿದ್ದೂ ಕಿಣ್ವ ಮಲಗಬಹುದೆಂಬುದನ್ನು ವರದಿಗಳು ಸಣ್ಣ ಅಕ್ಷರದಲ್ಲಿ ಹೇಳುತ್ತವೆ. ಆ ಬೆಳೆಗಾರರ ಮಾತ್ರೆಯ ಚೀಲದಲ್ಲಿ ಒಮೆಪ್ರಜೋಲ್‌ನ ಎರಡು ಸ್ಟ್ರಿಪ್ಪುಗಳೂ ಇದ್ದವು, ಗ್ಯಾಸಿಗೆಂದು ಅಂಗಡಿಯಿಂದ ತಾವೇ ತಂದದ್ದು. ಅದೇ ಸಿವೈಪಿ2ಸಿ19 ಕಿಣ್ವವನ್ನು ತಡೆಯುವ ಮಾತ್ರೆ ಅದು. ಅವರ ಮೈಯಲ್ಲಿ ತಡೆಯುವುದಕ್ಕೆ ಏನೂ ಉಳಿದಿರಲಿಲ್ಲ, ಅದು ಬೇರೆ ಮಾತು. ಆದರೆ ಅರ್ಧ ಕಿಣ್ವ ಇರುವವರಿಗೆ ಅದು ಇದ್ದದ್ದನ್ನೂ ಕಸಿದುಕೊಳ್ಳುತ್ತದೆ. ಕ್ಲೊಪಿಡೊಗ್ರೆಲ್ ಜೊತೆ ಗ್ಯಾಸಿನ ಮಾತ್ರೆ ಬೇಕೇ ಬೇಕೆಂದರೆ ಪ್ಯಾಂಟೊಪ್ರಜೋಲ್ ಇರಲಿ ಎಂಬುದಕ್ಕೆ ಯಾವ ಪರೀಕ್ಷೆಯೂ ಬೇಡ.

ಎರಡನೆಯದು ಮೂರ್ಛೆರೋಗಕ್ಕೂ ಮುಖದ ನರಶೂಲೆಗೂ ಕೊಡುವ ಕಾರ್ಬಮಜೆಪಿನ್. ಎಚ್‌ಎಲ್‌ಎ-ಬಿ*15:02 ಎಂಬ ಜೀನಿನ ರೂಪ ಇರುವವರಲ್ಲಿ ಅದು ಸ್ಟೀವನ್ಸ್-ಜಾನ್ಸನ್ ಎಂಬ, ಚರ್ಮ ಸುಲಿದು ಕಣ್ಣು ಬಾಯಿ ಹುಣ್ಣಾಗುವ, ಜೀವಕ್ಕೇ ಕುತ್ತು ತರುವ ಪ್ರತಿಕ್ರಿಯೆಗೆ ದಾರಿಯಾಗುತ್ತದೆ. ಎಫ್‌ಡಿಎ 2007ರಿಂದ ಏಷ್ಯಾ ಮೂಲದವರಲ್ಲಿ ಮೊದಲೇ ನೋಡಬೇಕೆನ್ನುತ್ತಿದೆ; ಔಷಧದ ವಿವರಪತ್ರದ ಪ್ರಕಾರ ಭಾರತೀಯರೂ ಸೇರಿ ದಕ್ಷಿಣ ಏಷ್ಯಾದವರಲ್ಲಿ ಸರಾಸರಿ ಶೇ. 2ರಿಂದ 4 ಜನರಲ್ಲಿ ಇದು ಇರುತ್ತದೆ, ಕೆಲವು ಗುಂಪುಗಳಲ್ಲಿ ಇನ್ನೂ ಹೆಚ್ಚು. ಆದರೆ ಹೋಲಿಸಿ ನೋಡಿದರೆ ಇಲ್ಲಿ ಇನ್ನೊಂದು ದಾರಿ ತೆರೆದೇ ಇದೆ: ಮೂರ್ಛೆರೋಗಕ್ಕೆ ಲೆವೆಟಿರಸಿಟಮ್‌ನಂಥ ಬದಲಿ ಔಷಧ ಊರಲ್ಲೇ ಸಿಗುತ್ತದೆ. ಬದಲಿ ಹೊಂದುವವರಿಗೆ ಬದಲಿಯನ್ನೇ ಕೊಡುತ್ತೇನೆ. ಕಾರ್ಬಮಜೆಪಿನ್ ಹೆಚ್ಚು ಫಲ ಕೊಡುವ ಮುಖದ ನರಶೂಲೆಯವರಿಗೆ ಪರೀಕ್ಷೆ ಹೇಳುತ್ತೇನೆ. ಈಗಾಗಲೇ ವರ್ಷಗಟ್ಟಲೆ ನುಂಗಿ ಏನೂ ಆಗದವರು ಈ ಲೇಖನ ಓದಿ ಮಾತ್ರೆ ನಿಲ್ಲಿಸಬಾರದು. ಈ ಪ್ರತಿಕ್ರಿಯೆ ಬಹುತೇಕ ಮೊದಲ ಕೆಲವು ತಿಂಗಳಲ್ಲೇ ಬರುವಂಥದ್ದು, ಮೂರ್ಛೆಯ ಮಾತ್ರೆಯನ್ನು ತಟ್ಟನೆ ಬಿಟ್ಟರೆ ಬರುವ ಫಿಟ್ಸ್ ಅದಕ್ಕಿಂತ ಹತ್ತಿರದ ಅಪಾಯ.

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೊಪ್ರಿನ್ ಮೂರನೆಯದು. ಚರ್ಮರೋಗ, ಕರುಳಿನ ಉರಿಯೂತ, ಲೂಪಸ್‌ಗೆ ತಜ್ಞರು ಬರೆದುಕೊಟ್ಟದ್ದನ್ನು ಊರಿನಲ್ಲಿ ಮುಂದುವರಿಸುವ ಕೆಲಸ ನಮ್ಮದು. ಪಾಶ್ಚಾತ್ಯ ಪುಸ್ತಕಗಳು ಟಿಪಿಎಂಟಿ ಜೀನ್ ನೋಡಲು ಹೇಳುತ್ತವೆ. ನಮ್ಮವರಲ್ಲಿ ಈ ಔಷಧದಿಂದ ಬಿಳಿ ರಕ್ತಕಣ ಕುಸಿಯುವುದಕ್ಕೆ ಅದಕ್ಕಿಂತ ಹೆಚ್ಚಾಗಿ ಕಾರಣವಾಗುವುದು ಎನ್‌ಯುಡಿಟಿ15 ಎಂಬ ಇನ್ನೊಂದು ಜೀನ್. ಪ್ರಯೋಗಾಲಯ ಎರಡನ್ನೂ ನೋಡದಿದ್ದರೆ ಆ ಪರೀಕ್ಷೆಗೆ ಹಣ ಕೊಡುವುದು ವ್ಯರ್ಥ. ಎರಡೂ ಸರಿಯೆಂದು ಬಂದರೂ ಮೊದಲ ವಾರಗಳ ರಕ್ತಕಣ ಎಣಿಕೆ ತಪ್ಪುವಂತಿಲ್ಲ.

ಕ್ಯಾನ್ಸರಿನ ಫ್ಲೂರೊಯುರಾಸಿಲ್ ಮತ್ತು ಕೆಪೆಸಿಟಬಿನ್‌ಗೆ ಡಿಪಿಡಿ ಕಿಣ್ವದ ಕೊರತೆಯನ್ನು ಮೊದಲೇ ಪರೀಕ್ಷಿಸಬೇಕೆಂದು ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಹೇಳಿದೆ. ಅದನ್ನು ನಿರ್ಧರಿಸುವವರು ಕ್ಯಾನ್ಸರ್ ತಜ್ಞರು. ಕೇಳಿ ನೋಡಿ ಎಂದು ನೆನಪಿಸುವುದಷ್ಟೇ ನಮ್ಮ ಪಾಲಿನದು.

ಪ್ಯಾನೆಲ್ ಮತ್ತು ಕಿಟ್

ಒಮ್ಮೆ ರಕ್ತ ಕೊಟ್ಟು ಹತ್ತಾರು ಜೀನುಗಳನ್ನು ತಿಳಿದುಕೊಂಡರೆ ಜೀವಮಾನವಿಡೀ ಉಪಯೋಗಕ್ಕೆ ಬರುತ್ತದೆ ಎಂಬ ವಾದದಲ್ಲಿ ಹುರುಳಿದೆ; ಜೀನ್ ಬದಲಾಗುವುದಿಲ್ಲ, ಹೊತ್ತಿನ ಸಮಸ್ಯೆಯೂ ಅದರಿಂದ ನೀಗುತ್ತದೆ. ಇದಕ್ಕೆ ಸಿಕ್ಕಿರುವ ದೊಡ್ಡ ಸಾಕ್ಷ್ಯ 2023ರಲ್ಲಿ ಪ್ರಕಟವಾದ ಪ್ರಿಪೇರ್ ಅಧ್ಯಯನ. ಯುರೋಪಿನ ಏಳು ದೇಶಗಳಲ್ಲಿ ಸುಮಾರು 7,000 ರೋಗಿಗಳಲ್ಲಿ 12 ಜೀನುಗಳ ಪ್ಯಾನೆಲ್ ಬಳಸಿದಾಗ, ಔಷಧ ಬದಲಿಸಬೇಕಾದಂಥ ಜೀನ್ ಇದ್ದವರಲ್ಲಿ ಅಡ್ಡಪರಿಣಾಮಗಳು ಶೇ. 27.7ರಿಂದ ಶೇ. 21.0ಕ್ಕೆ ಇಳಿದವು. ಆದರೆ ಅಂಥ ಜೀನ್ ಇಲ್ಲದವರನ್ನೂ ಸೇರಿಸಿ ಲೆಕ್ಕ ಹಾಕಿದರೂ ಇಳಿಕೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಔಷಧ ಬದಲಿಸದವರಿಗೂ ಹೇಗೆ ಲಾಭವಾಯಿತು? ಯಾರಿಗೆ ಪರೀಕ್ಷೆಯಾಗಿದೆಯೆಂದು ವೈದ್ಯರಿಗೂ ರೋಗಿಗಳಿಗೂ ಗೊತ್ತಿದ್ದ ಅಧ್ಯಯನವದು. ಒಂದಷ್ಟು ಪಾಲು ಆ ತಿಳಿವಿನ ಪರಿಣಾಮವಿರಬೇಕೆಂದು ನನಗನ್ನಿಸುತ್ತದೆ.

ಹಾಗಾಗಿ ಎಲ್ಲರಿಗೂ ಪ್ಯಾನೆಲ್ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಹೃದಯ, ಮನಸ್ಸು, ಕೀಲು ಎಂದು ಮೂರ್ನಾಲ್ಕು ತಜ್ಞರ ಬಳಿ ಹೋಗಿ ಎಂಟು-ಹತ್ತು ಮಾತ್ರೆ ನುಂಗುವವರು, ಹಿಂದೆ ಎರಡು ಬೇರೆಬೇರೆ ಔಷಧಗಳಿಂದ ತೀವ್ರ ತೊಂದರೆಪಟ್ಟವರು, ಇವರಿಗೆ ಖರ್ಚು ತಾಳುವುದಾದರೆ ಆಗಬಹುದು. ಒಂದು ಬಿಪಿ ಮಾತ್ರೆ, ಒಂದು ಸಕ್ಕರೆ ಮಾತ್ರೆ ನುಂಗುವವರು ಅದೇ ಹಣದಲ್ಲಿ ವರ್ಷವಿಡೀ ಸಕ್ಕರೆ, ಮೂತ್ರಪಿಂಡದ ಪರೀಕ್ಷೆ ಮಾಡಿಸಿಕೊಳ್ಳಲಿ.

ಮನೆಗೆ ಬರುವ ಕಿಟ್‌ಗಳಲ್ಲಿ ಅತಿ ಹೆಚ್ಚು ಆಸೆ ಹುಟ್ಟಿಸುವುದು ಖಿನ್ನತೆಯ ಮಾತ್ರೆಯ ಪುಟ. ಆರು ವಾರ ಕಾದು ಮಾತ್ರೆ ಹಿಡಿಸದಿದ್ದರೆ ಮತ್ತೆ ಬದಲಿಸುವ ಬೇಸರ ಕಂಡವರಿಗೆ ಆ ಆಸೆ ಅರ್ಥವಾಗುತ್ತದೆ. ಆದರೆ ಯಾವ ಮಾತ್ರೆ ಫಲ ಕೊಡುತ್ತದೆಂದು ಜೀನ್ ನೋಡಿ ಹೇಳುವ ಪರೀಕ್ಷೆಗಳ ವಿಷಯದಲ್ಲಿ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1,944 ಜನರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಡುವಿನ ವಾರಗಳಲ್ಲಿ ಕಂಡ ಅಲ್ಪ ಲಾಭ 24ನೇ ವಾರಕ್ಕೆ ಉಳಿದಿರಲಿಲ್ಲ. ಸಿವೈಪಿ2ಸಿ19 ಕೆಲಸ ಮಾಡದವರಿಗೆ ಸಿಟಲೊಪ್ರಾಂ ದಿನಕ್ಕೆ 20 ಮಿಲಿಗ್ರಾಂ ದಾಟಬಾರದು ಎಂಬಂಥ, ಪ್ರಮಾಣಕ್ಕೆ ಸಂಬಂಧಿಸಿದ ಮಾತು ಮಾತ್ರ ಗಟ್ಟಿ. ಬೇರೆ ಕಾರಣಕ್ಕೆ ಫಲಿತಾಂಶ ಕೈಯಲ್ಲಿದ್ದರೆ ಅದನ್ನು ಬಳಸುತ್ತೇನೆ. ಅದಕ್ಕಾಗಿಯೇ ಪರೀಕ್ಷೆ ಮಾಡಿಸುವುದಿಲ್ಲ.

ಘಟ್ಟ ಇಳಿಯುವ ರಕ್ತದ ನಳಿಕೆ

ಇಲ್ಲಿನ ಭೂಗೋಳವೂ ಆಯ್ಕೆಯನ್ನು ಬದಲಿಸುತ್ತದೆ. ಜಿ6ಪಿಡಿ ಕಿಣ್ವ ಬಿಸಿಗೆ ಹಾಳಾಗುತ್ತದೆ. ಮಾದರಿ ಮಂಜಿನ ಪೆಟ್ಟಿಗೆಯಲ್ಲಿ ಬೇಗ ತಲುಪದಿದ್ದರೆ, ಇಲ್ಲದ ಕೊರತೆ ಇದೆಯೆಂದು ಬರುತ್ತದೆ. ಡಿಎನ್‌ಎ ಹಾಗಲ್ಲ. ನೇರಳೆ ಮುಚ್ಚಳದ ಇಡಿಟಿಎ ನಳಿಕೆಯಲ್ಲಿ ತಣ್ಣಗಿಟ್ಟ ರಕ್ತದಿಂದ ಕೆಲವು ದಿನಗಳ ನಂತರವೂ ಅದನ್ನು ತೆಗೆಯಬಹುದು. 2024ರ ಜುಲೈನಲ್ಲಿ ಶಿರೂರಿನ ಬಳಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಂಥ ದಿನಗಳಲ್ಲಿ, ಇಲ್ಲವೇ ದೇವಿಮನೆ ಘಟ್ಟದಲ್ಲಿ ಸಂಚಾರ ನಿಂತಾಗ, ಕರಾವಳಿಯಿಂದ ಹೊರಟ ಮಾದರಿ ಒಂದು ದಿನ ತಡವಾಗಿ ತಲುಪಿದರೆ ಜೀನ್ ಪರೀಕ್ಷೆಗೆ ನಷ್ಟವಿಲ್ಲ, ಕಿಣ್ವ ಪರೀಕ್ಷೆಗೆ ಇದೆ. ಹಾಗಾಗಿ ಕಿಣ್ವವನ್ನು ಊರಲ್ಲೇ ಅಳೆಯಿಸಿ, ಜೀನನ್ನು ದೂರಕ್ಕೆ ಕಳಿಸಿ ಎನ್ನುತ್ತೇನೆ.

ಕಳಿಸುವ ಮೊದಲು ಪ್ರಯೋಗಾಲಯಗಳ ಗುಣಮಟ್ಟ ನೋಡುವ ಎನ್‌ಎಬಿಎಲ್‌ನ ಮಾನ್ಯತೆ ಆ ಪ್ರಯೋಗಾಲಯಕ್ಕೆ ಈ ಪರೀಕ್ಷೆಗೇ ಇದೆಯೇ, ಯಾವ ಯಾವ ಬದಲಾವಣೆಗಳನ್ನು ಹುಡುಕುತ್ತಾರೆ, ಉಳಿದ ಡಿಎನ್‌ಎಯನ್ನು ಏನು ಮಾಡುತ್ತಾರೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಸಿವೈಪಿ2ಡಿ6ನಂಥ ಜೀನ್ ಕೆಲವರಲ್ಲಿ ಇಡಿಯಾಗಿ ಇರುವುದೇ ಇಲ್ಲ, ಕೆಲವರಲ್ಲಿ ಎರಡು-ಮೂರು ಪ್ರತಿಗಳಿರುತ್ತವೆ. ಪ್ರತಿಗಳನ್ನು ಎಣಿಸದ ಪ್ಯಾನೆಲ್ ಆ ಪುಟದಲ್ಲಿ ಬರೆದದ್ದನ್ನು ನಂಬಬೇಕಿಲ್ಲ.

ಆ ಬೆಳೆಗಾರರು ಮುಂದಿನ ತಿಂಗಳು ತಮ್ಮನನ್ನೂ ಕರೆದುಕೊಂಡು ಬಂದರು. ಅಣ್ಣನಲ್ಲಿ ಜೀನಿನ ಎರಡೂ ಪ್ರತಿಗಳು ಕೆಟ್ಟಿದ್ದರೆ ಒಡಹುಟ್ಟಿದವರಲ್ಲೂ ಹಾಗಿರುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆಯಿಲ್ಲ. ಬೆಂಗಳೂರಿನ ಮಗನಿಗಂತೂ ಒಂದು ಪ್ರತಿ ಬಂದೇ ಇದೆ. ತಮ್ಮನಿಗೆ ಹೃದಯದ ತೊಂದರೆಯಿಲ್ಲ, ಕ್ಲೊಪಿಡೊಗ್ರೆಲ್ ಬೇಕಾಗಿಲ್ಲ. "ಹಂಗಾರೆ ನಾನೂ ಈಗ್ಲೇ ಮಾಡ್ಸ್ಬೇಕನ್ರೀ?" ಎಂದು ಕೇಳಿದರು. ಈಗ ಬೇಡವೆಂದು ಹೇಳಿ, ಅವರ ಕಡತದ ಮೊದಲ ಪುಟದಲ್ಲಿ, ರಕ್ತದ ಗುಂಪು ಬರೆದಿದ್ದ ಕೆಳಗೆ, ಕೆಂಪು ಶಾಯಿಯಲ್ಲಿ ಬರೆದೆ: ಅಣ್ಣನಿಗೆ ಸಿವೈಪಿ2ಸಿ19 ಇಲ್ಲ, ಸ್ಟೆಂಟ್ ಅಥವಾ ಪಾರ್ಶ್ವವಾಯು ಎಂದಾದರೆ ಮೊದಲ ದಿನವೇ ರಕ್ತ ಕಳಿಸಿ, ಅಲ್ಲಿಯವರೆಗೆ ತಜ್ಞರನ್ನು ಕೇಳಿ ಬದಲಿ ಮಾತ್ರೆ ಕೊಡಿ, ಯಾವುದನ್ನೂ ನಿಲ್ಲಿಸಬೇಡಿ.